ಒತ್ತಡ ಬೇರೆಯಾದರೆ ಮಿದುಳಿನ ದಾರಿಯೂ ಬೇರೆ: ಎಚ್‌ಪಿಎ ಆ್ಯಕ್ಸಿಸ್ ಟಿಪ್ಪಣಿ

ಎಚ್‌ಪಿಎ ಆ್ಯಕ್ಸಿಸ್ ಅಂದರೆ ಒತ್ತಡ ಬಂದಾಗ ಕೆಲಸ ಮಾಡುವ ಸರಪಳಿ: ಹೈಪೊಥಲಾಮಸ್ (ಮಿದುಳಿನ ತಳದ ಒಂದು ಭಾಗ), ಪಿಟ್ಯುಟರಿ (ಅದರ ಕೆಳಗಿನ ಪುಟ್ಟ ಗ್ರಂಥಿ), ಅಡ್ರಿನಲ್ (ಮೂತ್ರಪಿಂಡಗಳ ಮೇಲಿನ ಗ್ರಂಥಿ). ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ತಲುಪಿದಾಗ ಪಿಟ್ಯುಟರಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನ್ ಬಿಡುತ್ತದೆ. ಅದು ರಕ್ತದಲ್ಲಿ ಸಾಗಿ ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಹೊರಡಿಸುತ್ತದೆ. ಇಷ್ಟು ಎಲ್ಲರಿಗೂ ಬಾಯಿಪಾಠ, ಅಲ್ವಾ? ಆದರೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ ಇದೆ. ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸುವವರು ಯಾರು?

ಚಳಿ, ಗಾಯ, ವಿಷ, ಏನೇ ಆದರೂ ಇಲಿಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆ ಕಾಣುತ್ತದೆ ಎಂದು 1936ರಲ್ಲಿ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಬರೆದರು. ಸರಪಳಿಯ ಕೊನೆಯನ್ನಷ್ಟೇ ನೋಡಿದರೆ ಹಾಗೆಯೇ ಕಾಣುತ್ತದೆ. ಶುರುವಿನಲ್ಲಿ ಮಾತ್ರ ದಾರಿಗಳು ಬೇರೆ.

ರಕ್ತ ಜಾಸ್ತಿ ಹೋಯಿತು ಅಂದುಕೊಳ್ಳಿ. ರಕ್ತದೊತ್ತಡ ಇಳಿದದ್ದನ್ನು ನರಗಳು ಮಿದುಳಿನ ಕಾಂಡಕ್ಕೆ ತಿಳಿಸುತ್ತವೆ. ಅಲ್ಲಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಕಳಿಸುವ ನರಕೋಶಗಳು ನೇರವಾಗಿ ಹೈಪೊಥಲಾಮಸ್‌ನ ಸಿಆರ್‌ಎಚ್ ಕೋಶಗಳನ್ನು ಮುಟ್ಟುತ್ತವೆ. ಇದಕ್ಕೆ ಯೋಚನೆ ಬೇಕಿಲ್ಲ. ಅರಿವಳಿಕೆ ಕೊಟ್ಟು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯಲ್ಲೂ ಕಾರ್ಟಿಸಾಲ್ ಏರುವುದು ಅದಕ್ಕೇ.

ಸಂದರ್ಶನದ ಭಯ ಹಾಗಲ್ಲ. ದೇಹಕ್ಕೆ ಇನ್ನೂ ಏನೂ ಆಗಿಲ್ಲ. ಆಗಬಹುದು ಎಂಬ ಅಂದಾಜು ಮಾತ್ರ ಇದೆ. ಆ ಅಂದಾಜು ಕಟ್ಟುವುದು ಅಮಿಗ್ಡಲಾ (ಭಯ ಗುರುತಿಸುವ ಭಾಗ), ಹಿಪ್ಪೊಕ್ಯಾಂಪಸ್ (ನೆನಪಿನ ಭಾಗ) ಮತ್ತು ಮಿದುಳಿನ ಮುಂಭಾಗ. ಇವುಗಳಿಂದ ಸಿಆರ್‌ಎಚ್ ಕೋಶಗಳಿಗೆ ನೇರ ಸಂಪರ್ಕ ತೀರಾ ಕಡಿಮೆ. ಸುದ್ದಿ ನಡುವಿನ ನರಕೇಂದ್ರಗಳ ಮೂಲಕ ಹೋಗಬೇಕು. ಅಮಿಗ್ಡಲಾ ಹೆಚ್ಚಾಗಿ ಪ್ರತಿಕ್ರಿಯೆಯನ್ನು ಏರಿಸುತ್ತದೆ, ಹಿಪ್ಪೊಕ್ಯಾಂಪಸ್ ಹೆಚ್ಚಾಗಿ ತಡೆಯುತ್ತದೆ. ನೆನಪು, ಹಿಂದಿನ ಅನುಭವ ಎಲ್ಲ ಇಲ್ಲೇ ಸೇರಿಕೊಳ್ಳುತ್ತವೆ. ಒಂದೇ ಸಂದರ್ಶನಕ್ಕೆ ಇಬ್ಬರ ಕಾರ್ಟಿಸಾಲ್ ಬೇರೆ ಬೇರೆಯಾಗಿ ಏರುವುದಕ್ಕೆ ಇದೊಂದು ದೊಡ್ಡ ಕಾರಣ.

1993ರಲ್ಲಿ ಪ್ರಕಟವಾದ, ಸಾಮಾಜಿಕ ಒತ್ತಡ ಹುಟ್ಟಿಸಿ ಅಳೆಯುವ ಟ್ರಿಯರ್ ಪರೀಕ್ಷೆ ಈ ದಾರಿಯನ್ನು ಚೆನ್ನಾಗಿ ತೋರಿಸುತ್ತದೆ. ತೀರ್ಪುಗಾರರ ಮುಂದೆ ಭಾಷಣ ಮಾಡಬೇಕು, ಆಮೇಲೆ ಬಾಯಿಲೆಕ್ಕ. ಹೆಚ್ಚಿನವರ ಕಾರ್ಟಿಸಾಲ್ ಸ್ಪಷ್ಟವಾಗಿ ಏರುತ್ತದೆ. ಎದುರಿಗೆ ಯಾರೂ ಇಲ್ಲದೆ ಅದನ್ನೇ ಮಾಡಿದರೆ ಅಷ್ಟು ಏರುವುದಿಲ್ಲ. ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ, ಪರಿಸ್ಥಿತಿ ಕೈಯಲ್ಲಿಲ್ಲ ಅನ್ನುವ ಎರಡೂ ಸೇರಿದಾಗ ಏರಿಕೆ ಜೋರು.

ವೇಗವನ್ನೂ ಗಮನಿಸಿ. ಅಡ್ರಿನಲಿನ್ ಸೆಕೆಂಡುಗಳಲ್ಲಿ ಬರುತ್ತದೆ. ಕಾರ್ಟಿಸಾಲ್ ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು.

ಒತ್ತಡ ದಿನವೂ ಮರುಕಳಿಸಿದರೆ? ಇಲಿಯನ್ನು ದಿನಾ ಒಂದೇ ರೀತಿ ಕಟ್ಟಿಹಾಕಿದರೆ ಪ್ರತಿಕ್ರಿಯೆ ಕ್ರಮೇಣ ತಗ್ಗುತ್ತದೆ. ಅದೇ ಇಲಿಗೆ ಹೊಸ ಬಗೆಯ ಒತ್ತಡ ಕೊಟ್ಟರೆ ಪ್ರತಿಕ್ರಿಯೆ ತಗ್ಗುವುದಿಲ್ಲ, ಎಷ್ಟೋ ಸಲ ಮೊದಲಿಗಿಂತ ಜೋರಾಗಿರುತ್ತದೆ. ಅಷ್ಟರಲ್ಲಿ ಸಿಆರ್‌ಎಚ್ ಕೋಶಗಳು ವ್ಯಾಸೊಪ್ರೆಸಿನ್ ಎಂಬ ಮತ್ತೊಂದು ಹಾರ್ಮೋನನ್ನೂ ಹೆಚ್ಚು ತಯಾರಿಸತೊಡಗಿರುತ್ತವೆ. ಸಿಆರ್‌ಎಚ್, ವ್ಯಾಸೊಪ್ರೆಸಿನ್ ಎರಡೂ ಒಟ್ಟಿಗೆ ಬಂದರೆ ಪಿಟ್ಯುಟರಿ ಬಿಡುವ ಎಸಿಟಿಎಚ್ ಇನ್ನೂ ಜಾಸ್ತಿ.