ಪ್ರೀತಿಯ ಪದ್ಯದಲ್ಲಿ ಕೆಟ್ಟ ಮೂರು ಪ್ರಾಸ

ಇಂಗ್ಲಿಷ್ ಮದುವೆಗಳಲ್ಲಿ ಇವತ್ತಿಗೂ ಓದುವ ಪದ್ಯ ಷೇಕ್ಸ್‌ಪಿಯರ್‌ನ 116ನೇ ಸಾನೆಟ್. (1609ರ ಮೊದಲ ಮುದ್ರಣದಲ್ಲಿ ಅದರ ನಂಬರು ತಪ್ಪಾಗಿ 119 ಅಂತ ಬಿದ್ದಿತ್ತು.) ಕಾಲ ಎಷ್ಟೇ ಉರುಳಿದರೂ ನಿಜವಾದ ಪ್ರೀತಿ ಬದಲಾಗದು ಎನ್ನುತ್ತದೆ ಪದ್ಯ. ಪ್ರೀತಿಯ ಮಾತು ಹಾಗಿರಲಿ, ಪ್ರಾಸ ಮಾತ್ರ ಕೆಟ್ಟುಹೋಗಿದೆ.

ಒಟ್ಟು 14 ಸಾಲು. ನಾಲ್ಕು ನಾಲ್ಕು ಸಾಲಿನ ಮೂರು ಕಂತು, ಕೊನೆಗೊಂದು ಜೋಡಿ. ಹಳಗನ್ನಡದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಬರುತ್ತದೆ, ಇಲ್ಲಿ ಸಾಲಿನ ತುದಿಯಲ್ಲಿ. ಪ್ರತಿ ಕಂತಲ್ಲೂ ಒಂದನೇ ಸಾಲು ಮೂರನೆಯದಕ್ಕೆ, ಎರಡನೆಯದು ನಾಲ್ಕನೆಯದಕ್ಕೆ ಹೊಂದಬೇಕು. 'ಮೈಂಡ್ಸ್–ಫೈಂಡ್ಸ್', 'ಚೀಕ್ಸ್–ವೀಕ್ಸ್' ಸರಿಯಾಗೇ ಕೂತಿವೆ. ಆದರೆ 'ಲವ್–ರಿಮೂವ್', 'ಕಮ್–ಡೂಮ್', 'ಪ್ರೂವ್ಡ್–ಲವ್ಡ್'? ಏಳು ಜೋಡಿಯಲ್ಲಿ ಮೂರು ಎಡವುತ್ತವೆ.

ಸ್ಪೆಲ್ಲಿಂಗ್ ಒಂದೇ ಥರ ಇದೆಯಲ್ಲ, ಇದು ಕಣ್ಣಿಗೆ ಕಾಣುವ ಪ್ರಾಸ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. 'ಕಮ್', 'ಡೂಮ್' ಸ್ಪೆಲ್ಲಿಂಗಲ್ಲೂ ಬೇರೆ ಬೇರೆ, ಅಲ್ವಾ? ಷೇಕ್ಸ್‌ಪಿಯರ್ ಕಾಲದ ನಾಟಕಕಾರ ಬೆನ್ ಜಾನ್ಸನ್ ಒಂದು ಇಂಗ್ಲಿಷ್ ವ್ಯಾಕರಣ ಬರೆದಿದ್ದ. ಅದು ಅಚ್ಚಾದದ್ದು 1640ರಲ್ಲಿ. ಅದರಲ್ಲಿ 'ಲವ್', 'ಪ್ರೂವ್' ಎರಡನ್ನೂ ಹ್ರಸ್ವ ಸ್ವರದ ಒಂದೇ ಪಟ್ಟಿಗೆ ಸೇರಿಸಿದ್ದಾನೆ. ಅಂದರೆ ಆಗಿನವರ ಬಾಯಲ್ಲಿ ಅವು ಹೆಚ್ಚುಕಮ್ಮಿ 'ಲುವ್', 'ಪ್ರುವ್'. ಆಮೇಲೆ ಒಂದು 'ಅ' ಕಡೆಗೆ ಜಾರಿತು, ಇನ್ನೊಂದು ದೀರ್ಘವಾಗಿ ನಿಂತಿತು. ಸ್ಪೆಲ್ಲಿಂಗ್ ಇದ್ದಲ್ಲೇ ಉಳಿಯಿತು. ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಇಂಥ ಸುಳಿವುಗಳನ್ನು ಜೋಡಿಸಿ ಹಳೆಯ ಉಚ್ಚಾರ ಕಟ್ಟಿಕೊಟ್ಟರು. 2004ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ 'ರೋಮಿಯೋ ಅಂಡ್ ಜೂಲಿಯೆಟ್' ಆ ಉಚ್ಚಾರದಲ್ಲೇ ನಡೆಯಿತು.

ಲಯದಲ್ಲೂ ಸುಳಿವಿದೆ. ನಮ್ಮ ಷಟ್ಪದಿಯ ಹಾಗೆ ಇಲ್ಲಿ ಮಾತ್ರೆ ಎಣಿಸುವುದಿಲ್ಲ, ಒತ್ತು ನೋಡುತ್ತಾರೆ. ಮೆತ್ತಗೊಂದು ಸಿಲಬಲ್ (ಪದದ ಒಂದು ಉಚ್ಚಾರದ ತುಂಡು), ಗಟ್ಟಿಯಾಗಿ ಒಂದು, ಹೀಗೆ ಐದು ಸಲ, ಅಂದರೆ ಸಾಲಿಗೆ ಹತ್ತು. 'ಇಟ್ ಈಸ್ ಆ್ಯನ್ ಎವರ್ ಫಿಕ್ಸ್ಡ್ ಮಾರ್ಕ್' ಎನ್ನುವ ಐದನೇ ಸಾಲನ್ನು ಶುರುವಿನ 'ಓ ನೋ' ಸೇರಿಸಿ ಈಗಿನವರ ಹಾಗೆ ಓದಿದರೆ ಸಿಗುವುದು ಒಂಬತ್ತೇ. 'ಫಿಕ್ಸೆಡ್' ಎಂದು ಬಿಡಿಸಿ ಹೇಳಿ, ಹತ್ತು ತುಂಬುತ್ತದೆ.

ಅದರ ಮುಂದಿನ ಸಾಲು ಇನ್ನೂ ಮಜಾ. ಬಿರುಗಾಳಿಗೂ ಅಲ್ಲಾಡದು ಎಂದು ಹೇಳುವ ಆ ಸಾಲಿಗೆ 'ಶೇಕನ್' ಎಂಬ ಪದದಿಂದಾಗಿ ಹನ್ನೊಂದನೇ ಸಿಲಬಲ್ ಒಂದು ಜಾಸ್ತಿ ಬಂದು ತುದಿಯೇ ತೂಗಾಡುತ್ತದೆ. ಕವಿ ಬೇಕಂತಲೇ ಮಾಡಿದ್ದಾನೆ ಅಂತ ನನ್ನ ಗುಮಾನಿ.