ಮೂರು ಅಕ್ಷರ, ನಾಲ್ಕು ಗುರುತು: ಲಿನಕ್ಸ್‌ನಲ್ಲಿ ಹೀಬ್ರೂ ಸ್ವರಚಿಹ್ನೆ ಜಾರುವುದೆಲ್ಲಿ?

ಮುಂಬಯಿಯ ಡಿಟಿಪಿ ಅಂಗಡಿಗಳಿಗೆ ಅಪರೂಪಕ್ಕೊಮ್ಮೆ ಇಂಥ ಕೆಲಸ ಬರುತ್ತದೆ: ಮದುವೆ ಕರೆಯೋಲೆಯ ನೆತ್ತಿಯಲ್ಲಿ ಎರಡು ಸಾಲು ಹೀಬ್ರೂ, ಕೆಳಗೆಲ್ಲ ಮರಾಠಿ. ಬೆನೆ ಇಸ್ರೇಲ್ ಯಹೂದಿಗಳ ಮನೆಮಾತು ಮರಾಠಿ; ಈ ಊರಿನಲ್ಲಿ ಅವರ ಮೊದಲ ಸಿನಗಾಗ್, ಅಂದರೆ ಪ್ರಾರ್ಥನಾಮಂದಿರ, ಎದ್ದದ್ದು 1796ರಲ್ಲಿ. ಹೀಬ್ರೂ ಅವರಿಗೆ ಪ್ರಾರ್ಥನೆಯ ಭಾಷೆ, ಹಾಗಾಗಿ ಸ್ವರಚಿಹ್ನೆ ಬಿಟ್ಟು ಅಚ್ಚು ಹಾಕಿದರೆ ನಡೆಯದು. ಗಿರಾಕಿ ಕಳಿಸಿದ ಸಾಲು ಮೊಬೈಲಿನಲ್ಲಿ ಚೆನ್ನಾಗಿಯೇ ಇರುತ್ತದೆ. ಅಂಗಡಿಯ ಲಿನಕ್ಸ್ ಯಂತ್ರಕ್ಕೆ ತಂದು ಅಂಟಿಸಿದಾಗ ಮಾತ್ರ ಒಂದು ಅಕ್ಷರದ ಅಡಿಯ ಗೆರೆ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂತಿರುತ್ತದೆ, ಹೊಟ್ಟೆಯೊಳಗಿನ ಚುಕ್ಕೆ ಹೊರಗೆ ಜೋತಾಡುತ್ತದೆ, ಒಂದೆರಡು ಕಡೆ ಚುಕ್ಕೆಗಳಿಂದಾದ ಬಳೆ ಕಾಣುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಆ ಚುಕ್ಕೆಬಳೆ ಹಳೆಯ ಪರಿಚಯ. ವ್ಯಂಜನವಿಲ್ಲದೆ ಬರೀ ಕೊಂಬು ಒತ್ತಿದರೆ ಬರುವ ಅದೇ ಬಳೆ. ಚಿಹ್ನೆಗೆ ಕೂರಲು ಅಕ್ಷರ ಸಿಕ್ಕಿಲ್ಲ ಎಂದಷ್ಟೇ ಅದರ ಅರ್ಥ. ಹೀಬ್ರೂ ಸ್ವರಚಿಹ್ನೆಗಳಿಗೆ ನಿಕ್ಕುದ್ ಎನ್ನುತ್ತಾರೆ. ನಮ್ಮ ತಲೆಕಟ್ಟು, ಗುಡಿಸುಗಳಂತೆ ಅವೂ ಒಂಟಿಯಾಗಿ ನಿಲ್ಲುವಂಥವಲ್ಲ. ಒಂದು ವ್ಯತ್ಯಾಸವಿದೆ: ನಮ್ಮಲ್ಲಿ ಗುಣಿತ ಅಕ್ಷರದ ಆಕಾರವನ್ನೇ ಬದಲಿಸುತ್ತದೆ, ಹೀಬ್ರೂವಿನಲ್ಲಿ ಅಕ್ಷರ ಇದ್ದ ಹಾಗೇ ಇರುತ್ತದೆ, ಚಿಹ್ನೆ ಅದರ ಕೆಳಗೋ ಮೇಲೋ ಒಳಗೋ ಬಂದು ಸೇರುತ್ತದೆ. ಆದ್ದರಿಂದ ಅಲ್ಲಿ ಎಲ್ಲವೂ ನಿಂತಿರುವುದು ಜಾಗದ ಲೆಕ್ಕಾಚಾರದ ಮೇಲೆ.

ಪರೀಕ್ಷೆಗೆ ‘ಶಬ್ಬಾತ್’ ಪದಕ್ಕಿಂತ ಒಳ್ಳೆಯದು ಸಿಗದು. ಅಕ್ಷರ ಮೂರು: ಶಿನ್, ಬೆತ್, ತಾವ್. ಗುರುತು ನಾಲ್ಕು. ಶಿನ್ನಿನ ಬಲ ಕೊಂಬಿನ ಮೇಲೆ ಒಂದು ಚುಕ್ಕೆ (ಅದು ಎಡಕ್ಕೆ ಸರಿದರೆ ಓದು ‘ಸ’ ಆಗಿಬಿಡುತ್ತದೆ), ಅದೇ ಅಕ್ಷರದ ಅಡಿಗೆ ಪತಹ್ ಎಂಬ ಅಡ್ಡಗೆರೆ. ಬೆತ್‌ನ ಹೊಟ್ಟೆಯಲ್ಲಿ ದಾಗೆಶ್ ಎಂಬ ಚುಕ್ಕೆ, ಅಡಿಗೆ ಕಾಮಾತ್ಸ್, ಅಂದರೆ ಕೆಳಗೆ ಪುಟ್ಟ ಕಾಲಿರುವ ಗೆರೆ. ಮೇಲೆ, ಒಳಗೆ, ಕೆಳಗೆ ಮೂರೂ ಜಾಗಗಳು ಒಂದೇ ಪದದಲ್ಲಿ ಪರೀಕ್ಷೆಗೆ ಬೀಳುತ್ತವೆ.

ಮೊದಲು ಪಠ್ಯ ಸರಿಯಿದೆಯೇ ನೋಡಿ. ಕಣ್ಣನ್ನು ನಂಬಬೇಡಿ, ಅಂಕಿಯನ್ನು ನೋಡಿ. ಪದವನ್ನು ಒಂದು ಕಡತದಲ್ಲಿ ಉಳಿಸಿ, ವಿಮ್ ಎಡಿಟರಿನಲ್ಲಿ ತೆರೆದು, ಕರ್ಸರನ್ನು ಶಿನ್ ಮೇಲಿಟ್ಟು ‘ಜಿ’, ‘ಎ’ ಎಂಬ ಎರಡು ಕೀಲಿಗಳನ್ನು ಒಂದಾದಮೇಲೊಂದು ಒತ್ತಿದರೆ ಆ ಅಕ್ಷರದ ಜೊತೆ ಅಂಟಿಕೊಂಡ ಗುರುತುಗಳ ಸಂಕೇತಸಂಖ್ಯೆಗಳೂ ಕೆಳಗೆ ಮೂಡುತ್ತವೆ. ದಶಮಾಂಶದಲ್ಲಿ ಶಿನ್ 1513, ಶಿನ್ ಚುಕ್ಕೆ 1473, ಪತಹ್ 1463. ಬೆತ್ 1489, ದಾಗೆಶ್ 1468, ಕಾಮಾತ್ಸ್ 1464. ಇವಿಷ್ಟೂ ಬಂದರೆ ಪಠ್ಯದಲ್ಲಿ ಊನವಿಲ್ಲ. ಬೆತ್ ಜಾಗದಲ್ಲಿ 64305 ಬಂದರೆ ಯಾರೋ ದಾಗೆಶ್ ಸಮೇತ ಅಚ್ಚು ಹೊಯ್ದಿಟ್ಟ ಒಂಟಿ ಸಂಕೇತ ಬಳಸಿದ್ದಾರೆ ಎಂದರ್ಥ. ಕಾಣುವುದಕ್ಕೆ ವ್ಯತ್ಯಾಸವಿಲ್ಲ, ಹುಡುಕುವಾಗ ಮಾತ್ರ ಕೈಕೊಡುತ್ತದೆ.

ಕಡತ ತೆರೆದಾಗ ಹೀಬ್ರೂವೇ ಕಾಣದೆ ತಲೆಯ ಮೇಲೆ ಟೋಪಿ, ಗೀಟು ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲು ಕಂಡರೆ ಅದು ಫಾಂಟಿನ ತಪ್ಪಲ್ಲ. ಹಳೆಯ ನುಡಿ ಕಡತವನ್ನು ಯೂನಿಕೋಡ್ ಎಂದುಕೊಂಡು ತೆರೆದಾಗ ಆಗುವ ಫಜೀತಿಯ ದಾಯಾದಿ ಇದು. ಹೀಬ್ರೂವಿಗೆ ವಿಂಡೋಸ್-1255 ಎಂಬ ಹಳೆಯ ಸಂಕೇತಪಟ್ಟಿಯಿತ್ತು, ಅದರಲ್ಲಿ ನಿಕ್ಕುದ್‌ಗೂ ಜಾಗವಿತ್ತು. ಸಂಕೇತಪಟ್ಟಿ ಬದಲಿಸಿಕೊಡುವ ಐಕಾನ್ವ್ ಆದೇಶಕ್ಕೆ ‘ಇದರಿಂದ’ ಎಂದು ವಿಂಡೋಸ್-1255, ‘ಇದಕ್ಕೆ’ ಎಂದು ಯುಟಿಎಫ್-8 ಕೊಟ್ಟರೆ ಸರಿಹೋಗುತ್ತದೆ. ಅದೇ ಕಾಲದ ಐಎಸ್‌ಒ 8859-8ರಲ್ಲಿ ಸ್ವರಚಿಹ್ನೆಗಳೇ ಇಲ್ಲ. ಆ ಪಟ್ಟಿಯಲ್ಲಿ ಉಳಿಸಿದ ಕಡತದಿಂದ ಅವನ್ನು ಮರಳಿ ಪಡೆಯುವ ಉಪಾಯವಿಲ್ಲ, ಮೂಲವನ್ನೇ ಕೇಳಬೇಕು.

ಮುಂದಿನದು ಫಾಂಟ್. ಹೆಚ್ಚಿನ ಜನ ಮೋಸಹೋಗುವುದು ಇಲ್ಲೇ. ಎಫ್‌ಸಿ-ಲಿಸ್ಟ್ (ಯಂತ್ರದಲ್ಲಿರುವ ಫಾಂಟುಗಳನ್ನು ಪಟ್ಟಿ ಮಾಡುವ) ಆದೇಶಕ್ಕೆ ಹೀಬ್ರೂವಿನ ಭಾಷಾಸೂಚಿ ‘ಎಚ್‌ಇ’ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ, ಓಹೋ ಇಷ್ಟೊಂದು ಇವೆಯಲ್ಲ ಎನಿಸುತ್ತದೆ. ಆದರೆ ಫಾಂಟ್‌ಕಾನ್ಫಿಗ್ (ಲಿನಕ್ಸ್‌ನಲ್ಲಿ ಫಾಂಟುಗಳ ಉಸ್ತುವಾರಿ ನೋಡುವ ವ್ಯವಸ್ಥೆ) ಒಂದು ಫಾಂಟಿಗೆ ‘ಹೀಬ್ರೂ ಬರುತ್ತದೆ’ ಎಂಬ ಸರ್ಟಿಫಿಕೇಟು ಕೊಡುವಾಗ ನೋಡುವುದು 27 ಅಕ್ಷರಗಳನ್ನು ಮಾತ್ರ, 22 ಮೂಲಾಕ್ಷರ ಮತ್ತು 5 ಪದಾಂತ್ಯ ರೂಪಗಳು. ಸ್ವರಚಿಹ್ನೆ ಒಂದೂ ಇಲ್ಲದ ಫಾಂಟೂ ಪಾಸಾಗುತ್ತದೆ. ಕನ್ನಡಕ್ಕೆ ಹೋಲಿಸಿದರೆ, ಗುಣಿತ ಬಾರದವನಿಗೆ ಬರೀ ವರ್ಣಮಾಲೆ ಕೇಳಿ ಸೈ ಅಂದ ಹಾಗೆ. ಆದ್ದರಿಂದ ಭಾಷೆಯ ಹೆಸರಲ್ಲಿ ಕೇಳದೆ ಚಿಹ್ನೆಯ ಹೆಸರಲ್ಲಿ ಕೇಳಿ: ಎಫ್‌ಸಿ-ಲಿಸ್ಟ್‌ಗೆ ‘ಚಾರ್‌ಸೆಟ್’ ಎಂಬ ಗುಣ ಕೊಟ್ಟು, ಕಾಮಾತ್ಸ್‌ನ ಹದಿನಾರಂಕಿ ಸಂಖ್ಯೆ 5ಬಿ8 ಮತ್ತು ಶಿನ್ ಚುಕ್ಕೆಯ 5ಸಿ1 ಎರಡನ್ನೂ ಹಾಕಿ. ಪಟ್ಟಿ ತಟ್ಟನೆ ಕುಗ್ಗುತ್ತದೆ.

ಅಕ್ಷರ ಒಂದು ಫಾಂಟಿನಲ್ಲಿದ್ದು ಚಿಹ್ನೆ ಇಲ್ಲದಿದ್ದರೆ ವ್ಯವಸ್ಥೆ ಚಿಹ್ನೆಯನ್ನು ಬೇರೊಂದು ಫಾಂಟಿನಿಂದ ಕಡ ತರುತ್ತದೆ. ಈ ಫಾಂಟಿನ ಬೆತ್ ಎಷ್ಟು ಅಗಲ ಎಂಬುದು ಆ ಫಾಂಟಿನ ಚುಕ್ಕೆಗೆ ಗೊತ್ತಿರುವುದಿಲ್ಲ. ಜಾರುವುದು, ಬಳೆ ಮೂಡುವುದು, ದಪ್ಪ ಹೆಚ್ಚುಕಡಿಮೆಯಾಗುವುದು ಬಹುಪಾಲು ಇದರಿಂದಲೇ. ಪರಿಹಾರ: ನಿಕ್ಕುದ್ ಪೂರ್ತಿ ಇರುವ ಫಾಂಟ್ ಹಾಕಿ. ಡೆಬಿಯನ್, ಉಬುಂಟುಗಳಲ್ಲಿ ‘ಕುಲ್ಮುಸ್’ ಪ್ಯಾಕೇಜಿನ ಫ್ರಾಂಕ್ ರೂಲ್ ಸಿಎಲ್‌ಎಂ ಕರೆಯೋಲೆಗೆ ಒಪ್ಪುತ್ತದೆ. ನೋಟೋ ಸೆರಿಫ್ ಹೀಬ್ರೂ ಆಗಬಹುದು. ಬೈಬಲಿನ ಪಠ್ಯಕ್ಕೆ ಎಜ್ರಾ ಎಸ್‌ಐಎಲ್. ಎಸ್‌ಬಿಎಲ್ ಹೀಬ್ರೂ ಎಂಬ ಫಾಂಟ್ ಬಹಳ ಚೆಂದ, ಆದರೆ ಅದು ಉಚಿತವಿರುವುದು ವ್ಯಾಪಾರವಲ್ಲದ ಬಳಕೆಗೆ. ಹಣ ಪಡೆದು ಅಚ್ಚು ಹಾಕುವವರು ಲೈಸೆನ್ಸ್ ನೋಡಿಕೊಳ್ಳಬೇಕು. ಕೈಯಿಂದ ಇಳಿಸಿದ ಫಾಂಟನ್ನು ಹೋಮ್ ಫೋಲ್ಡರಿನೊಳಗೆ ಡಾಟ್-ಲೋಕಲ್, ಶೇರ್, ಫಾಂಟ್ಸ್ ಎಂಬ ಹಾದಿಯಲ್ಲಿಟ್ಟು ಎಫ್‌ಸಿ-ಕ್ಯಾಶ್ ಓಡಿಸಿ, ತೆರೆದಿರುವ ಪ್ರೋಗ್ರಾಮುಗಳನ್ನು ಮುಚ್ಚಿ ತೆರೆಯಿರಿ. ಈ ಕೊನೆಯ ಹೆಜ್ಜೆ ಮರೆತು ಅರ್ಧ ದಿನ ಕಳೆದುಕೊಂಡವರು ಕಡಿಮೆಯಿಲ್ಲ.

ಫಾಂಟ್ ಸರಿಯಿದ್ದೂ ಚಿಹ್ನೆ ಓರೆಯಾದರೆ ಜೋಡಣೆಯ ಹಂತ ನೋಡಬೇಕು. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಎಲ್ಲದರ ಒಳಗೂ ಈ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ಲೈಬ್ರರಿ, ನಮ್ಮ ಒತ್ತಕ್ಷರಗಳನ್ನು ಕೂಡಿಸುವುದೂ ಅದೇ. ಒಳ್ಳೆಯ ಫಾಂಟಿನಲ್ಲಿ ಪ್ರತಿ ಅಕ್ಷರಕ್ಕೂ ಲಂಗರಿನಂಥ ಬಿಂದುಗಳಿರುತ್ತವೆ: ಅಡಿಚಿಹ್ನೆ ಇಲ್ಲಿ, ಒಳಚುಕ್ಕೆ ಅಲ್ಲಿ. ದಾಲೆತ್, ರೇಶ್ ಅಕ್ಷರಗಳಿಗೆ ಬಲಗಡೆ ಒಂದೇ ಕಾಲು. ಸ್ವರಚಿಹ್ನೆ ಸಾಮಾನ್ಯವಾಗಿ ಆ ಕಾಲಿನ ಅಡಿಗೆ ಬರುತ್ತದೆಯೇ ಹೊರತು ಅಕ್ಷರದ ನಟ್ಟನಡುವೆ ಅಲ್ಲ. ಲಂಗರಿಲ್ಲದ ಫಾಂಟ್ ಎಲ್ಲವನ್ನೂ ಒಂದೇ ಅಳತೆಯಲ್ಲಿ ಇಡುವುದರಿಂದ ಅಗಲವಾದ ಶಿನ್, ಕಡ್ಡಿಯಂಥ ವಾವ್ ಎರಡರಲ್ಲೂ ಎಡವುತ್ತದೆ.

ಇನ್ನೊಂದು ತೊಡಕು ಸರದಿಯದು. ಯೂನಿಕೋಡ್ ಚಿಹ್ನೆಗಳಿಗೆ ಸರದಿಸಂಖ್ಯೆ ಕೊಟ್ಟಿದೆ: ಪತಹ್‌ಗೆ 17, ಕಾಮಾತ್ಸ್‌ಗೆ 18, ದಾಗೆಶ್‌ಗೆ 21, ಶಿನ್ ಚುಕ್ಕೆಗೆ 24. ಹಾಗಾಗಿ ಪಠ್ಯವನ್ನು ನಾರ್ಮಲೈಸ್ ಮಾಡಿದರೆ, ಅಂದರೆ ಚಿಹ್ನೆಗಳನ್ನು ಈ ಸರದಿಗೆ ತಂದರೆ, ಸ್ವರ ಮೊದಲು, ದಾಗೆಶ್ ಆಮೇಲೆ. ಅಕ್ಷರ ಜೋಡಿಸುವವರ ತರ್ಕಕ್ಕೆ ಇದು ತಿರುಗುಮುರುಗು, ಆದರೂ ಒಮ್ಮೆ ಕೊಟ್ಟ ಈ ಸಂಖ್ಯೆಗಳನ್ನು ಬದಲಿಸುವಂತಿಲ್ಲ. ಹಾರ್ಫ್‌ಬಝ್ ತನ್ನೊಳಗೆ ಇದನ್ನು ಮತ್ತೆ ತಿರುಗಿಸಿ ಶಿನ್ ಚುಕ್ಕೆ, ದಾಗೆಶ್, ಆಮೇಲೆ ಸ್ವರ ಎಂದು ಮಾಡಿಕೊಳ್ಳುತ್ತದೆ. ಮದುವೆ ಕರೆಯೋಲೆಗಳಲ್ಲಿ ಕಾಣುವ ಯೆರೆಮೀಯನ ಗ್ರಂಥದ ಸಾಲಿನಲ್ಲಿ ‘ಯೆರುಶಲಾಯಿಮ್’ ಬರುತ್ತದೆ. ಅದರ ಲಾಮೆದ್ ಅಕ್ಷರದಡಿ ಎರಡು ಸ್ವರ, ಪತಹ್ ಮತ್ತು ಹಿರಿಕ್ ಎಂಬ ಅಡಿಚುಕ್ಕೆ. ಹಿರಿಕ್‌ನ ಸರದಿ 14 ಆದ್ದರಿಂದ ನಾರ್ಮಲೈಸ್ ಆದಾಗ ಅದು ಮುಂದೆ ಜಿಗಿಯುತ್ತದೆ. ತಡೆಯಲು ನಡುವೆ 847 ಎಂಬ ಅದೃಶ್ಯ ಸಂಕೇತ ಹಾಕಿರುತ್ತಾರೆ. ವಿಮ್‌ನಲ್ಲಿ ಅದು ಕಂಡರೆ ಕಸವೆಂದು ಅಳಿಸಬೇಡಿ.

ತಪ್ಪು ಪ್ರೋಗ್ರಾಮಿನದೋ ಫಾಂಟಿನದೋ ತಿಳಿಯಲು, ಹಾರ್ಫ್‌ಬಝ್ ಜೋಡಿಸಿದ ಪದವನ್ನು ನೇರ ಚಿತ್ರವಾಗಿ ತೋರಿಸುವ ಎಚ್‌ಬಿ-ವ್ಯೂ ಇದೆ. ಡೆಬಿಯನ್ ಬಳಗದಲ್ಲಿ ಲಿಬ್‌ಹಾರ್ಫ್‌ಬಝ್-ಬಿನ್ ಪ್ಯಾಕೇಜಿನಲ್ಲಿ ಬರುತ್ತದೆ. ಫಾಂಟ್ ಕಡತದ ಹಾದಿ, ಪದ, ಔಟ್‌ಪುಟ್ ಚಿತ್ರದ ಹೆಸರು ಕೊಟ್ಟರೆ ಸಾಕು. ಆ ಚಿತ್ರದಲ್ಲಿ ಶಬ್ಬಾತ್ ಸರಿಯಾಗಿದ್ದು ಲಿಬ್ರೆಆಫೀಸಿನಲ್ಲಿ ಕೆಟ್ಟಿದ್ದರೆ, ಲಿಬ್ರೆಆಫೀಸ್ ಬಳಸುತ್ತಿರುವುದು ನೀವಂದುಕೊಂಡ ಫಾಂಟನ್ನಲ್ಲ. ಟರ್ಮಿನಲ್ಲಿನಲ್ಲಿ ಮಾತ್ರ ಪರೀಕ್ಷೆ ಮಾಡಬೇಡಿ. ಚೌಕಮನೆಗಳಲ್ಲಿ ಅಕ್ಷರ ತುಂಬುವ ಅದಕ್ಕೆ ಈ ನಾಜೂಕು ಬಾರದು.

ಲಿಬ್ರೆಆಫೀಸಿನ ಒಳಗುಟ್ಟು ಮುಂಬಯಿಯಲ್ಲೇ ಹೆಚ್ಚು ಕಾಡುವಂಥದ್ದು. ಅದು ಪ್ರತಿ ಶೈಲಿಗೂ ಮೂರು ಫಾಂಟ್ ಖಾನೆ ಇಟ್ಟುಕೊಂಡಿದೆ: ಪಾಶ್ಚಾತ್ಯ, ಪೂರ್ವ ಏಷ್ಯಾ, ಕಾಂಪ್ಲೆಕ್ಸ್ ಟೆಕ್ಸ್ಟ್ ಅಂದರೆ ಸಿಟಿಎಲ್. ಮರಾಠಿ, ಕನ್ನಡ, ಹೀಬ್ರೂ ಮೂರೂ ಬಂದು ಬೀಳುವುದು ಆ ಮೂರನೆಯ ಒಂದೇ ಖಾನೆಗೆ. ಪ್ಯಾರಾಗ್ರಾಫ್ ಶೈಲಿಯಲ್ಲಿ ಮರಾಠಿಯ ಲೋಹಿತ್ ದೇವನಾಗರಿ ಫಾಂಟ್ ಇದ್ದರೆ ಹೀಬ್ರೂ ಸಾಲಿಗೂ ಅದನ್ನೇ ಕೇಳುತ್ತದೆ, ಸಿಗದೆ ಕಂಡವರ ಫಾಂಟ್ ಕಡ ತರುತ್ತದೆ. ಆಯ್ಕೆಗಳ ಭಾಷಾ ಪುಟದಲ್ಲಿ ಸಿಟಿಎಲ್‌ಗೆ ಗುರುತು ಹಾಕಿ, ಹೀಬ್ರೂವಿಗೆಂದೇ ಪ್ರತ್ಯೇಕ ಕ್ಯಾರೆಕ್ಟರ್ ಶೈಲಿ ಮಾಡಿ, ಅದರ ಸಿಟಿಎಲ್ ಭಾಗದಲ್ಲಿ ಫಾಂಟ್ ಫ್ರಾಂಕ್ ರೂಲ್, ಭಾಷೆ ಹೀಬ್ರೂ ಎಂದು ಕೊಡಿ. ಪ್ಯಾರಾದ ದಿಕ್ಕನ್ನು ಬಲದಿಂದ ಎಡಕ್ಕೆ ಮಾಡಿ. ಸಾಲಿನ ಅಂತರ ‘ಫಿಕ್ಸೆಡ್’ ಇದ್ದರೆ ಮೇಲಿನ ಚುಕ್ಕೆ ಕತ್ತರಿಸಿಹೋಗಬಹುದು, ‘ಕನಿಷ್ಠ ಇಷ್ಟು’ ಎಂಬ ಆಯ್ಕೆ ಒಳ್ಳೆಯದು. ಬೋಲ್ಡ್ ಒತ್ತುವ ಮೊದಲು ಆ ಫಾಂಟಿಗೆ ನಿಜವಾದ ಬೋಲ್ಡ್ ಇದೆಯೇ ನೋಡಿ. ಎಜ್ರಾ ಎಸ್‌ಐಎಲ್‌ಗೆ ಇಲ್ಲ. ವ್ಯವಸ್ಥೆಯೇ ಉಬ್ಬಿಸಿದ ಬೋಲ್ಡಿನಲ್ಲಿ ದಾಗೆಶ್ ಬೆತ್‌ನ ಗೋಡೆಗೆ ಅಂಟಿಬಿಡುತ್ತದೆ.

ಪ್ರೆಸ್ಸಿಗೆ ಪಿಡಿಎಫ್ ಕೊಡಿ, ಮೂಲ ಕಡತ ಬೇಡ. ಕೊಡುವ ಮೊದಲು ಪಿಡಿಎಫ್‌ಫಾಂಟ್ಸ್ ಆದೇಶ ಓಡಿಸಿದರೆ ಯಾವ ಫಾಂಟುಗಳು ಒಳಗೆ ಸೇರಿವೆ ಎಂಬ ಪಟ್ಟಿ ಬರುತ್ತದೆ. ಹೀಬ್ರೂ ಫಾಂಟ್ ಒಂದೇ ಇರಬೇಕು, ಎರಡಿದ್ದರೆ ಎಲ್ಲೋ ಇನ್ನೂ ಕಡ ನಡೆಯುತ್ತಿದೆ. ಕೊನೆಗೆ ನಿಜವಾದ ಅಳತೆಯಲ್ಲಿ ಒಂದು ಪ್ರತಿ ಮುದ್ರಿಸಿ ಕಾಮಾತ್ಸ್‌ನ ಪುಟ್ಟ ಕಾಲನ್ನು ನೋಡಿ. 9 ಪಾಯಿಂಟಿನಲ್ಲಿ ಅದು ಅಳಿಸಿಹೋಗಿ ಬರೀ ಗೆರೆ, ಅಂದರೆ ಪತಹ್, ಉಳಿದಿದ್ದರೆ ಅಳತೆಯನ್ನು 12ಕ್ಕೆ ಏರಿಸಿ.