ಆಪರೇಷನ್ ಚೀಟಿಯಲ್ಲಿನ ‘ರ‍್ಯಾಡಿಕಲ್’

ರಾಯಚೂರಿನ ಎರೆ ಹೊಲಕ್ಕೆ ಕರಕಿ ಬಿತ್ತೆಂದರೆ ಮೇಲೆ ಮೇಲೆ ಕೊಯ್ದು ಉಪಯೋಗವಿಲ್ಲ. ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಆಳಕ್ಕೆ ಅಗೆದು, ಬೇರು ಹಿಡಿದ ಹೆಂಟೆ ಸಮೇತ ಎತ್ತಿ ಹಾಕಬೇಕು. ಕಿವಿ ಕ್ಯಾನ್ಸರ್ ಜಾಸ್ತಿ ಬೆಳೆದಾಗ ಚೀಟಿಯಲ್ಲಿ ಬರೆಯುವ ‘ರ‍್ಯಾಡಿಕಲ್’ ಸರ್ಜರಿಯೂ ಇದೇ. ಲ್ಯಾಟಿನ್‌ನಲ್ಲಿ ರಾಡಿಕ್ಸ್ ಅಂದರೆ ಬೇರು. ಗಡ್ಡೆಯ ಜೊತೆ ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗವನ್ನೂ, ಆದಷ್ಟು ಒಂದೇ ಮುದ್ದೆಯಾಗಿ ತೆಗೆಯುತ್ತಾರೆ.

ಹೊಲದಲ್ಲಿ ಹೆಂಟೆ ದೊಡ್ಡದಾದರೆ ನಷ್ಟವಿಲ್ಲ. ಇಲ್ಲಿ ಹಾಗಲ್ಲ. ಕಿವಿ ಕೂತಿರುವ ಎಲುಬು, ಅಂದರೆ ಟೆಂಪೊರಲ್ ಬೋನ್, ತಲೆಬುರುಡೆಯ ತಳದ ಒಂದು ಭಾಗ. ಅದರ ಮೇಲೆಯೇ ಮೆದುಳು. ಒಳಗೆ ಕೇಳಿಸುವ ಶಂಖ, ಮೈ ತೂಗದಂತೆ ನೋಡಿಕೊಳ್ಳುವ ಕೊಳವೆಗಳು, ಮುಖ ಆಡಿಸುವ ನರ, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಅಷ್ಟು ಸಣ್ಣ ಜಾಗದಲ್ಲಿ ಎಷ್ಟೊಂದು ಸಾಮಾನು, ಅಲ್ವಾ?

ಹಾಗಾಗಿ ‘ರ‍್ಯಾಡಿಕಲ್’ ಅಂದರೆ ಸಾಲದು, ಎಷ್ಟು ಆಳ ಅನ್ನುವುದು ಮುಖ್ಯ. ‘ಲ್ಯಾಟರಲ್’ ಅಂದರೆ ಹೊರಭಾಗ: ಕಿವಿಯ ನಾಳ, ತಮಟೆ, ಅದಕ್ಕೆ ಅಂಟಿದ ಎರಡು ಪುಟ್ಟ ಎಲುಬು. ಮುಖದ ನರ ಸಾಮಾನ್ಯವಾಗಿ ಉಳಿಯುತ್ತದೆ. ‘ಸಬ್‌ಟೋಟಲ್’ ಅಂದರೆ ಒಳಗಿವಿಯೂ ಹೋಯಿತು. ಆ ಕಿವಿ ಪೂರ್ತಿ ಕಿವುಡು, ಶುರುವಿಗೆ ತಲೆಸುತ್ತೂ ಇರುತ್ತದೆ. ‘ಟೋಟಲ್’ ಎಲುಬಿನ ತುದಿಯವರೆಗೆ ಹೋಗುತ್ತದೆ, ಅದು ಅಪರೂಪ. ಕ್ಯಾನ್ಸರ್ ಹರಡಿದ್ದರೆ ಕೆನ್ನೆಯ ಜೊಲ್ಲು ಗ್ರಂಥಿ, ಕತ್ತಿನ ಗಂಟುಗಳನ್ನೂ ತೆಗೆಯುತ್ತಾರೆ. ಉಳಿದ ಗುಂಡಿಯನ್ನು ತೊಡೆಯಿಂದಲೋ ಎದೆಯಿಂದಲೋ ತಂದ ಮಾಂಸದಿಂದ ಮುಚ್ಚುತ್ತಾರೆ.

ಹೆಸರಿನ ಗೊಂದಲ ಒಂದಿದೆ. ‘ರ‍್ಯಾಡಿಕಲ್ ಮ್ಯಾಸ್ಟಾಯ್ಡೆಕ್ಟಮಿ’ ಅಂತ ಬರೆದಿದ್ದರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಕಿವಿಯ ಹಿಂದಿನ ಎಲುಬು (ಮ್ಯಾಸ್ಟಾಯ್ಡ್) ತಿನ್ನುವ ಹಳೆಯ ಸೋಂಕಿಗೆ ಮಾಡುವುದು, ಡ್ರಿಲ್‌ನಿಂದ ಸ್ವಲ್ಪ ಸ್ವಲ್ಪವೇ ಕೊರೆದು.

ನನಗೆ ಅತಿ ಕಷ್ಟ ಅನ್ನಿಸುವುದು ಮುಖದ ನರದ ಮಾತು. ಅದಕ್ಕೂ ಕ್ಯಾನ್ಸರ್ ತಗುಲಿದ್ದರೆ ಕತ್ತರಿಸಲೇಬೇಕು. ಬಾಯಿ ಒಂದು ಕಡೆ ಜೋಲುತ್ತದೆ, ಕಣ್ಣು ಮುಚ್ಚುವುದಿಲ್ಲ. ನಮ್ಮ ಕಡೆಯ ಬೇಸಿಗೆ ಧೂಳಿಗೆ ಆ ಕಣ್ಣು ಒಣಗಿ ಹುಣ್ಣಾಗಬಹುದು. ಅದಕ್ಕೇ ಹನಿ ಹಾಕುತ್ತಲೇ ಇರಬೇಕು. ಕೆಲವರಿಗೆ ಮೇಲಿನ ರೆಪ್ಪೆಯೊಳಗೆ ಬಂಗಾರದ ಸಣ್ಣ ತೂಕ ಇಡುತ್ತಾರೆ, ಆ ಭಾರಕ್ಕೆ ರೆಪ್ಪೆ ಇಳಿಯುತ್ತದೆ. ಕಾಲಿನಿಂದ ನರ ತಂದು ಜೋಡಿಸುವುದೂ ಉಂಟು. ಚಲನೆ ಮರಳಲು ತಿಂಗಳುಗಳೇ ಬೇಕು, ಅದೂ ಪೂರ್ತಿ ಮೊದಲಿನಂತೆ ಅಲ್ಲ.

ಆಮೇಲೆ ಬಹಳ ಮಂದಿಗೆ ರೇಡಿಯೇಷನ್ ಇರುತ್ತದೆ, ಊರಲ್ಲಿ ‘ಕರೆಂಟ್ ಕೊಡೋದು’ ಅನ್ನುತ್ತಾರಲ್ಲ, ಅದು. ಮಣ್ಣಲ್ಲಿ ಉಳಿದ ಬೇರಿನ ಎಳೆಗಳಿಗೆ.